ಬ್ರೇಕ್ ಬಿಡದ ಕೈ

ನನ್ನ ಬಲಗೈ ಕಂಡರೆ ನನಗೇ ಹೇಸಿಗೆಯಾಗುತ್ತಿದ್ದ ಕಾಲವೊಂದಿತ್ತು. ಊಟಕ್ಕೆ ಕೂತರೆ ಈ ಕೈಯಿಂದಲೇ ತುತ್ತು ಬಾಯಿಗಿಡಬೇಕಲ್ಲ ಎಂದು ಅವ್ವನ ಹತ್ತಿರ ಚಮಚ ಕೇಳುತ್ತಿದ್ದೆ. ಕೈಗೆ ಗಾಯವಿರಲಿಲ್ಲ, ಬಾವು ಇರಲಿಲ್ಲ. ರೊಟ್ಟಿ ಬಡಿಯುತ್ತಿತ್ತು, ಜಡೆ ಹೆಣೆಯುತ್ತಿತ್ತು, ಸೂಜಿಗೆ ದಾರ ಪೋಣಿಸುತ್ತಿತ್ತು. ಬೈಕಿನ ಮುಂದಿನ ಬ್ರೇಕ್ ಹಿಡಿದಾಗ ಮಾತ್ರ ಅದರ ಎರಡು ಬೆರಳು ಕೊಕ್ಕೆಯಂತೆ ಮಡಚಿಕೊಂಡು, ನಾನೆಷ್ಟು ಬಿಡಿಸಲು ಹೋದರೂ ಬಿಡುತ್ತಿರಲಿಲ್ಲ. ಯಾರದೋ ಕೈಯನ್ನು ತಂದು ನನ್ನ ಮೈಗೆ ಅಂಟಿಸಿದಂತೆ ಅನ್ನಿಸುತ್ತಿತ್ತು. ಇಂಥದ್ದೊಂದು ರೋಗ ಇದೆ, ಅದಕ್ಕೊಂದು ಹೆಸರಿದೆ ಎಂದು ಆಗ ಯಾರಾದರೂ ಹೇಳಿದ್ದರೆ ಅರ್ಧ ಹೇಸಿಗೆಯಾದರೂ ಇಳಿಯುತ್ತಿತ್ತು. ಯಾರೂ ಹೇಳಲಿಲ್ಲ. ಎಲ್ಲೋ ಒಬ್ಬರು ತಮ್ಮ ಕೈಯನ್ನು ಹೀಗೇ ದಿಟ್ಟಿಸುತ್ತ ಕೂತಿರಬಹುದು ಎಂದುಕೊಂಡು ಈಗ ನಾನೇ ಹೇಳುತ್ತಿದ್ದೇನೆ.

ನನ್ನ ಹೆಸರು ಗೌತಮಿ, ದೇವದುರ್ಗದವಳು. ಬೈಕ್ ರೇಸ್ ನನ್ನ ನೌಕರಿ. ಹೀಗೆಂದರೆ ನಮ್ಮ ಕಡೆ ಜನ ಮೊದಲು ನಗುತ್ತಾರೆ, ಆಮೇಲೆ ಮದುವೆಯಾಗಿದೆಯೇ ಎಂದು ಕೇಳುತ್ತಾರೆ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಜ್ಜ ಇನ್ನೊಬ್ಬರ ಹೊಲದಲ್ಲಿ ದುಡಿದು ಸತ್ತವನು. ನಾವು ಬೌದ್ಧರು. ಅಪ್ಪ ಬೈಗುಳಕ್ಕೆ ಅಷ್ಟು ಸಿಟ್ಟಾಗುತ್ತಿರಲಿಲ್ಲ, ‘ಹುಟ್ಟಿನಿಂದ ಬಂದದ್ದು’ ಎಂಬ ಮಾತಿಗೆ ಉರಿದೇಳುತ್ತಿದ್ದ. “ಹುಟ್ಟಿನಿಂದ ಏನೂ ಬರಂಗಿಲ್ಲ. ಕಲ್ತದ್ದಷ್ಟ ನಮ್ಮದು” ಅನ್ನುತ್ತಿದ್ದ.

ನನ್ನನ್ನು ಮೊದಲ ಸಲ ಬೈಕಿನ ಮೇಲೆ ಕೂರಿಸಿದ್ದೂ ಅವನೇ. ಊರ ಹೊರಗಿನ ಬಯಲಿನಲ್ಲಿ ಎರಡು ಇಟ್ಟಿಗೆ ಇಡುತ್ತಿದ್ದ. ಮೊದಲ ಇಟ್ಟಿಗೆ ಬಂದಾಗ ಬ್ರೇಕ್ ಹಿಡಿಯಬೇಕು, ಎರಡನೆಯದರ ಹೊತ್ತಿಗೆ ಪೂರ್ತಿ ಬಿಟ್ಟಿರಬೇಕು. ಹಿಡಿಯಲು ಯಾರಿಗಾದರೂ ಬರುತ್ತದೆ, ಬಿಡುವುದೇ ವಿದ್ಯೆ. ತಿರುವಿನೊಳಗೆ ಬೈಕ್ ವಾಲುತ್ತ ಹೋದಂತೆ ಬೆರಳು ಎಳೆ ಎಳೆಯಾಗಿ ಸಡಿಲವಾಗಬೇಕು. ಬೇಗ ಬಿಟ್ಟರೆ ಬೈಕ್ ದಾರಿ ತಪ್ಪಿ ಆಚೆ ಹೋಗುತ್ತದೆ, ತಡ ಮಾಡಿದರೆ ಮುಂದಿನ ಗಾಲಿ ಜಾರಿ ಕೆಡವುತ್ತದೆ. ಮನೆಯಲ್ಲಿ ಮಂಚದ ಕಾಲಿಗೆ ಅಪ್ಪ ಹಳೆಯ ಬ್ರೇಕ್ ಲಿವರೊಂದನ್ನು ಬಿಗಿದಿದ್ದ. ಓದುವಾಗ, ಟಿವಿ ನೋಡುವಾಗ, ಅವ್ವ ಬೈಯುವಾಗ ನನ್ನ ಬಲಗೈ ಅದರ ಮೇಲೇ ಇರುತ್ತಿತ್ತು. ನಾನು ರೇಸರ್ ಆದದ್ದು ಹಾಗೆ.

ನನ್ನನ್ನು ಸೇರಿಸಿಕೊಂಡ ರೇಸ್ ತಂಡದಲ್ಲಿ ಇನ್ನೊಬ್ಬಳಿದ್ದಳು, ಮಾನ್ವಿಯ ಶ್ರೀನಿಧಿ. ವೈಷ್ಣವರ ಮನೆಯ ಹುಡುಗಿ, ತಂದೆ ಕಾಲೇಜಿನಲ್ಲಿ ಉಪನ್ಯಾಸಕರು. ಅಣ್ಣನ ಬೈಕನ್ನು ಕದ್ದು ಓಡಿಸುತ್ತ ಓಡಿಸುತ್ತ ರೇಸಿಗೆ ಬಂದವಳು. ಟ್ರ್ಯಾಕಿಗೆ ಆಕಳಿಸುತ್ತ ಬರುವಳು, ಹೆಲ್ಮೆಟ್ ಹಾಕಿಕೊಂಡು ಹೋದರೆ ನಾನು ಒಂದು ವಾರ ಬೆವರು ಸುರಿಸಿ ಮುಟ್ಟಿದ ವೇಗವನ್ನು ಮೂರು ಸುತ್ತಿನಲ್ಲಿ ಮುಟ್ಟುವಳು. ಇದನ್ನು ನಾನು ಸುಳ್ಳು ಎನ್ನಲಾರೆ, ಕಣ್ಣಾರೆ ಕಂಡಿದ್ದೇನೆ. ಅವಳ ಮೇಲೆ ನನಗೆ ದ್ವೇಷವಿರಲಿಲ್ಲ. ನನಗೆ ವಾಕರಿಕೆ ತರಿಸುತ್ತಿದ್ದದ್ದು ನಮ್ಮ ಮ್ಯಾನೇಜರ್. ಬೆಂಗಳೂರಿನವರು, ಯಾವಾಗಲೂ ಏಲಕ್ಕಿ ಜಗಿಯುತ್ತಿದ್ದರು. ದುಡ್ಡು ಹಾಕುವ ಕಂಪನಿಯವರು ಬಂದಾಗ ನಮ್ಮಿಬ್ಬರನ್ನೂ ಸಾಲಾಗಿ ನಿಲ್ಲಿಸಿ ಪರಿಚಯ ಮಾಡಿಸುತ್ತಿದ್ದರು.

“ಇವಳು ಶ್ರೀನಿಧಿ. ಪ್ಯೂರ್ ಟ್ಯಾಲೆಂಟ್, ದೇವರು ಕೊಟ್ಟಿದ್ದು. ಇವಳು ಗೌತಮಿ. ತುಂಬಾ ಕಷ್ಟಪಡ್ತಾಳೆ ಪಾಪ. ಇವರ ಜನ ಕಷ್ಟಕ್ಕೆ ಹೆದರಲ್ಲ ಬಿಡಿ.”

ಹೊಗಳುವ ದನಿಯಲ್ಲೇ ಹೇಳುತ್ತಿದ್ದರು. ‘ಪಾಪ’ ಅಂದಾಗ ಬಾಯಿಂದ ಏಲಕ್ಕಿ ವಾಸನೆ ಬರುತ್ತಿತ್ತು. ಇವತ್ತಿಗೂ ಪಾಯಸದಲ್ಲಿ ಏಲಕ್ಕಿ ಹೆಚ್ಚಾದರೆ ಬಟ್ಟಲು ಸರಿಸಿಬಿಡುತ್ತೇನೆ. ನಾನು ಶ್ರೀನಿಧಿಗಿಂತ ಮುಂದೆ ಬಂದ ದಿನಗಳೂ ಇದ್ದವು. ಆಗಲೂ ಮಾತು ಬದಲಾಗುತ್ತಿರಲಿಲ್ಲ. ಅವತ್ತು ಅವಳ ಅದೃಷ್ಟ ಸರಿಯಿರುತ್ತಿರಲಿಲ್ಲ, ನಾನು ಕಷ್ಟಪಟ್ಟಿರುತ್ತಿದ್ದೆ.

ರೋಗ ಮೊದಲು ಕಾಣಿಸಿಕೊಂಡದ್ದು ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ. ನೇರ ದಾರಿಯ ಕೊನೆಯಲ್ಲಿ ಬ್ರೇಕ್ ಹಿಡಿದೆ. ತಿರುವಿಗೆ ಬೈಕ್ ವಾಲಿಸಿದೆ. ಬಿಡಬೇಕಾದ ಜಾಗ ಬಂತು, ಬೆರಳು ಬಿಡಲಿಲ್ಲ. ತೋರುಬೆರಳೂ ನಡುಬೆರಳೂ ಇನ್ನೂ ಬಿಗಿಯಾದವು. ಮುಂದಿನ ಗಾಲಿ ಜಾರಿತು, ನಾನು ಬೆನ್ನ ಮೇಲೆ ಜಾರುತ್ತ ಜಾರುತ್ತ ಜಲ್ಲಿಕಲ್ಲಿನಲ್ಲಿ ಹೋಗಿ ನಿಂತೆ. ಮೂಳೆ ಮುರಿಯಲಿಲ್ಲ. ಗ್ಲೌಸ್ ತೆಗೆದು ನೋಡಿದರೆ ಬೆರಳು ನೆಟ್ಟಗಿದ್ದವು, ಏನೂ ಗೊತ್ತಿಲ್ಲದವರ ಹಾಗೆ.

ಮೆಕ್ಯಾನಿಕ್ ಬ್ರೇಕ್ ಬಿಚ್ಚಿ ನೋಡಿ ಏನೂ ದೋಷವಿಲ್ಲವೆಂದ. ಮುಂದಿನ ರೇಸಿನಲ್ಲಿ ಮತ್ತೆ ಬಿದ್ದೆ. ಮ್ಯಾನೇಜರ್ ಹೆಗಲು ತಟ್ಟಿ, “ಭಯ ಅಷ್ಟೇ, ಪ್ರಾಕ್ಟೀಸ್ ಮಾಡಿ ಸರಿಹೋಗುತ್ತೆ” ಅಂದರು. ಅಷ್ಟರಲ್ಲಿ ಅಪ್ಪನಿಗೆ ರಾಯಚೂರಿಗೆ ವರ್ಗವಾಗಿ ನಾವು ಆಶಾಪುರ ರಸ್ತೆಯ ಕಡೆ ಬಾಡಿಗೆ ಮನೆಯಲ್ಲಿದ್ದೆವು. ನಾನೂ ಅಪ್ಪನೂ ಯರಮರಸ್ ಕಡೆಯ ಖಾಲಿ ಜಾಗಕ್ಕೆ ಬೆಳಿಗ್ಗೆಯೂ ಹೋದೆವು, ಸಂಜೆಯೂ ಹೋದೆವು. ನಮಗೆ ಗೊತ್ತಿದ್ದ ಔಷಧ ಅದೊಂದೇ. ಮಾಡಿದಷ್ಟೂ ಕೈ ಕೆಡುತ್ತ ಹೋಯಿತು. ಮೊದಲು ವೇಗದಲ್ಲಿ ಮಾತ್ರ ಮಡಚುತ್ತಿದ್ದ ಬೆರಳು, ಆಮೇಲೆ ಮೆಲ್ಲಗೆ ಹೋದರೂ ಮಡಚತೊಡಗಿತು. ಕೊನೆಗೆ ಬೈಕ್ ನಿಂತಿದ್ದಾಗ, ಬರಿದೆ ಲಿವರ್ ಮೇಲೆ ಕೈ ಇಟ್ಟರೂ ಸಾಕಿತ್ತು. ಬಸವನಹುಳುವನ್ನು ಮುಟ್ಟಿದಾಗ ಅದು ಒಳಗೆ ಸೇದಿಕೊಳ್ಳುವುದನ್ನು ನೋಡಿದ್ದೀರಲ್ಲ, ನನ್ನ ಬೆರಳುಗಳು ಹಾಗೆ ಸೇದಿಕೊಳ್ಳುತ್ತಿದ್ದವು. ನಾನು ಮುಖ ತಿರುಗಿಸುತ್ತಿದ್ದೆ.

ಆಮೇಲೆ ಆಸ್ಪತ್ರೆಗಳು. ರಾಯಚೂರಿನ ಎಷ್ಟು ಬೆಂಚುಗಳ ಮೇಲೆ ನಾನೂ ಅವ್ವನೂ ಕೂತೆವೋ ಲೆಕ್ಕವಿಲ್ಲ. ಗೋಡೆಯ ಮೂಲೆಗಳು ಗುಟ್ಕಾದಿಂದ ಕೆಂಪಾಗಿರುತ್ತಿದ್ದವು. ಕೈತೊಳೆಯುವ ಬೋಗುಣಿಯಲ್ಲಿ ಯಾರದೋ ಅನ್ನದಗುಳು ಉಬ್ಬಿಕೊಂಡು ತೇಲುತ್ತಿತ್ತು. ಒಮ್ಮೆ ಪಕ್ಕದಲ್ಲಿ ಕೂತ ಹೆಂಗಸಿನ ಮಗು ನನ್ನ ಚಪ್ಪಲಿಯ ಮೇಲೆ ವಾಂತಿ ಮಾಡಿತು. ಅವಳು ಗಾಬರಿಯಾಗಿ ಸೆರಗಿನಿಂದಲೇ ಒರೆಸತೊಡಗಿದಾಗ ಅವ್ವ, “ಬಿಡವ್ವಾ, ಕೂಸಿಂದ ಏನ್ ಹೇಸಿಕಿ?” ಎಂದು ಅವಳ ಕೈ ಹಿಡಿದು ನಿಲ್ಲಿಸಿದಳು. ಆ ಬೆಂಚುಗಳ ಮೇಲೆ ನಾನು ಕೇಳಿದ ಒಳ್ಳೆಯ ಮಾತು ಅದೊಂದೇ.

ಒಳಗೆ ಹೋದರೆ ಡಾಕ್ಟರು ಕೇಳುತ್ತಿದ್ದರು, “ಕೈ ಮುಷ್ಟಿ ಮಾಡು. ಬಿಡು. ಪೆನ್ನು ಹಿಡಿ. ಗುಂಡಿ ಹಾಕು.” ಕೈ ಎಲ್ಲವನ್ನೂ ಮಾಡುತ್ತಿತ್ತು, ತರಗತಿಯ ಜಾಣ ಹುಡುಗಿಯ ಹಾಗೆ. ಒಬ್ಬರು ನರ ಒತ್ತಿಕೊಂಡಿದೆಯೆಂದು ಪಟ್ಟಿ ಕಟ್ಟಿದರು. ಇನ್ನೊಬ್ಬರು ಕೈಗೆ ಸೂಜಿ ಚುಚ್ಚಿ ಕರೆಂಟ್ ಹರಿಸಿ ನರ ಸರಿಯಿದೆಯೆಂದರು. ಮತ್ತೊಬ್ಬರು ಚೀಟಿಯ ಮೇಲಿಂದ ತಲೆಯೆತ್ತದೆಯೇ ಕೇಳಿದರು.

“ಬೈಕ್ ಹಿಡಿದಾಗ ಮಾತ್ರ ಬರುತ್ತಾ?”

“ಹೌದ್ರಿ.”

“ಮನೇಲಿ ರೊಟ್ಟಿ ಮಾಡೋವಾಗ ಬರಲ್ಲ?”

“ಇಲ್ರಿ.”

“ಹಾಗಾದ್ರೆ ಕೈಯೇ ಹೇಳ್ತಾ ಇದೆಯಲ್ಲಮ್ಮ, ಏನು ಮಾಡಬೇಕು ಅಂತ.” ಅಂದು ತಮ್ಮ ಮಾತಿಗೆ ತಾವೇ ನಕ್ಕರು. ಕಾಂಪೌಂಡರೂ ನಕ್ಕ. ಮನಸ್ಸಿನದು ಎಂದು ಗುಳಿಗೆ ಬರೆದುಕೊಟ್ಟರು. ಆ ಗುಳಿಗೆ ತಿಂದು ಮಧ್ಯಾಹ್ನವೆಲ್ಲ ಮಲಗಿ, ದಿಂಬಿನ ಮೇಲೆ ಜೊಲ್ಲು ಸುರಿಸಿಕೊಂಡು ಏಳುತ್ತಿದ್ದೆ. ಎದ್ದಾಗ ಆ ಒದ್ದೆ ಕೆನ್ನೆಗೆ ತಾಗಿದರೆ ಸಾಕು, ಮೈಯೆಲ್ಲ ಕೊಳೆಯಾದಂತೆ ಅನ್ನಿಸುತ್ತಿತ್ತು.

ಮನೆಗೆ ನೋಡಲು ಬರುವವರದು ಇನ್ನೊಂದು ಬಗೆ. ಬಾಳೆಹಣ್ಣು ತಂದು, ಕೈ ತೋರಿಸು ಅನ್ನುತ್ತಿದ್ದರು. ತೋರಿಸಿದರೆ ಏನೂ ಇಲ್ಲವಲ್ಲ ಎಂದು ನಿರಾಸೆಪಡುತ್ತಿದ್ದರು. ಮಲ್ಲಟದಿಂದ ಬಂದ ಅತ್ತಿ, ಅಂದರೆ ಅಪ್ಪನ ಅಕ್ಕ, ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು.

“ಈ ಕೈಗೇನಾಗ್ಯದ ಬೇ? ರೊಟ್ಟಿ ಚಂದ್ರಾಮನಂಗ ಬರಾಕತ್ತಾವ. ಗಾಡಿ ಬ್ಯಾಡ ಅಂತದ ನಿನ್ನ ಕೈ. ಅದಕ್ಕ ತಿಳಿದದ್ದು ನಿಮ್ಮಪ್ಪಗ ತಿಳಿವಲ್ದು.”

ನಾನು ಕೈಯಲ್ಲಿದ್ದ ರೊಟ್ಟಿಯನ್ನು ಹಿಟ್ಟಿನ ಮುದ್ದೆಗೇ ಒತ್ತಿ ಎದ್ದುಹೋದೆ. ಅತ್ತಿ ಯಾರನ್ನೋ ಕರೆಸಿ ದೃಷ್ಟಿ ತೆಗೆಸುತ್ತೇನೆಂದಾಗ ಅಪ್ಪ, “ಅಕ್ಕಾ, ಅದೊಂದ್ ಬ್ಯಾಡ” ಅಂದ. ಅಷ್ಟೇ ಅಂದದ್ದು. ಅವಳು ಬಸ್ಸಿಗೆ ಹೋಗುವವರೆಗೂ ಹೊರಗೆ ನನ್ನ ಬೈಕ್ ಒರೆಸುತ್ತ ಕೂತ.

ಅದೇ ವಾರ ಮ್ಯಾನೇಜರ್ ಫೋನ್ ಮಾಡಿದರು. ನನ್ನ ಜಾಗಕ್ಕೆ ಬೇರೆ ಹುಡುಗಿಯನ್ನು ತೆಗೆದುಕೊಂಡಿದ್ದರು. “ಬೇಜಾರು ಮಾಡ್ಕೋಬೇಡಿ. ನ್ಯಾಚುರಲ್ ಆಗಿ ಇರೋರಿಗೆ ಇಂಥದ್ದೆಲ್ಲ ಬರಲ್ಲ ನೋಡಿ. ಇಲ್ಲದ್ದನ್ನ ಎಳೆದು ತರೋಕೆ ಹೋದ್ರೆ ಮೈ ಮುರಿಯುತ್ತೆ. ಶ್ರೀನಿಧಿಗೆ ಯಾವತ್ತಾದ್ರೂ ಹಿಂಗಾಯ್ತಾ?” ಅಂದರು. ಫೋನ್ ಇಟ್ಟ ಮೇಲೆ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದೆ. ಮಾತಾಡಿದ್ದು ಅವರು, ಕೊಳೆಯಾದದ್ದು ನನ್ನ ಬಾಯಿ.

ಹೈದರಾಬಾದಿಗೆ ಹೋಗಿ ನೋಡಿ ಎಂದವಳು ಕೈಗೆ ಕರೆಂಟ್ ಕೊಟ್ಟ ಆಸ್ಪತ್ರೆಯ ನರ್ಸ್. ಅಲ್ಲೊಬ್ಬ ಡಾಕ್ಟರಮ್ಮ ಇದ್ದಾರೆ, ಇಂಥ ವಿಚಿತ್ರಗಳನ್ನೇ ನೋಡುತ್ತಾರೆ ಅಂದಳು. ಹೊತ್ತು ಗೊತ್ತುಮಾಡಲು ಫೋನ್ ಮಾಡಿದಾಗ ಅವರ ಸಹಾಯಕ ಒಂದು ಮಾತು ಹೇಳಿದ. ಯಾವ ಕೆಲಸದಲ್ಲಿ ಕೈ ಕೆಡುತ್ತದೋ ಆ ಸಾಮಾನು ತನ್ನಿ.

ಅಪ್ಪ ಗುಜರಿಯಿಂದ ಹಳೆಯ ಬೈಕಿನ ಹ್ಯಾಂಡಲ್ ಬಿಚ್ಚಿಸಿಕೊಂಡು, ಬ್ರೇಕ್ ಲಿವರ್ ಸಮೇತ ಗೋಣಿಚೀಲದಲ್ಲಿ ಸುತ್ತಿ ತಂದ. ಬೆಳಗಿನ ರೈಲಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತ. ಎದುರಿನ ಸೀಟಿನವರು ಆಡಿನ ಕೊಂಬೇ ಎಂದು ಕೇಳಿದರು.

ಆ ಆಸ್ಪತ್ರೆಯ ಹೊರಕೋಣೆಯನ್ನು ನಾನು ಮರೆಯಲಾರೆ. ಅಲ್ಲಿ ಎಲ್ಲರ ಮಡಿಲಲ್ಲೂ ಒಂದೊಂದು ಸಾಮಾನಿತ್ತು. ಒಬ್ಬ ಗುಮಾಸ್ತ ಪೆನ್ನು ಹಿಡಿದಿದ್ದ. ಒಬ್ಬರು ತಬಲಾ ತಂದಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದ ಗಡ್ಡದ ಮುದುಕರ ತೊಡೆಯ ಮೇಲೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿತ್ತು. ಮಾತಿಗೆ ಮಾತು ಬಂದು ನೋಡಿದರೆ ಅವರು ಮಾನ್ವಿಯ ದರ್ಜಿ, ಹೆಸರು ಖಾಜಾಸಾಬ್. ಕತ್ತರಿ ಹಿಡಿದರೆ ಹೆಬ್ಬೆರಳು ಒಳಕ್ಕೆ ಮಡಚಿ ಕೂತುಬಿಡುತ್ತದೆಯಂತೆ, ಉಳಿದಂತೆ ಕೈ ಆರಾಮ.

“ಮನ್ಯಾಗ ನಂಬಂಗಿಲ್ಲವ್ವ” ಅಂದರು. “ಬೀಡಿ ಸೇದಾಕ ಬರ್ತದ, ಕತ್ತರಿ ಹಿಡಿಯಾಕ ಬರಂಗಿಲ್ಲೇನ್ ಅಂತಾರ. ನಂಗ ಈ ಕೈ ಕಡದು ಒಗೀಬೇಕ್ ಅನ್ನಷ್ಟು ಹೇಸಿಕಿ ಬಂದದ.”

ಆ ಮಾತು ಕೇಳಿ ನನಗೆ ಅಳು ಬಂತು. ಸಂಕಟಕ್ಕಲ್ಲ. ಅಷ್ಟು ದಿನ ನಾನು ಒಬ್ಬಳೇ ನುಂಗುತ್ತಿದ್ದ ಮಾತನ್ನು ಬೇರೆ ಬಾಯಿಂದ ಕೇಳಿದ್ದೆ. “ನಂದೂ ಹಂಗ ಅದ ಕಾಕಾ” ಅಂದೆ. ಅವರು ನನ್ನ ಕೈಯನ್ನೇನೂ ನೋಡಲಿಲ್ಲ. ತಲೆಯಾಡಿಸಿ ಚೀಲದಿಂದ ಶೇಂಗಾ ತೆಗೆದು ಕೊಟ್ಟರು. ಬಲಗೈಯಿಂದ ಸಿಪ್ಪೆ ಸುಲಿದು ತಿಂದೆ.

ಡಾಕ್ಟರಮ್ಮ ಬಳ್ಳಾರಿ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಅಪ್ಪ ಮೇಜಿನ ಮೇಲೆ ಹ್ಯಾಂಡಲ್ ಹಿಡಿದು ನಿಂತ, ನಾನು ಲಿವರ್ ಮೇಲೆ ಕೈಯಿಟ್ಟೆ. ಎರಡು ಬೆರಳೂ ಸೇದಿಕೊಂಡವು. ಅವರು ಬಗ್ಗಿ ನೋಡಿದರು. ಇನ್ನೊಮ್ಮೆ ಮಾಡಲು ಹೇಳಲಿಲ್ಲ, ನಗಲಿಲ್ಲ.

“ಇದು ಡಿಸ್ಟೋನಿಯಾ. ನಿಮ್ಮ ಕೈ ಸರಿಯಾಗಿದೆ, ಮನಸ್ಸೂ ಸರಿಯಾಗಿದೆ. ಮಾಡಿದ್ದನ್ನೇ ಲಕ್ಷ ಸಲ ಮಾಡಿ ಮಾಡಿ ಮಿದುಳಿನಲ್ಲಿ ಆ ಬೆರಳುಗಳ ಗುರುತು ಒಂದರೊಳಗೊಂದು ಕಲಸಿಹೋಗಿದೆ.”

ನನಗೆ ಕುರ್ಚಿಯಲ್ಲೇ ಕುಸಿದು ಮಲಗಬೇಕು ಅನ್ನಿಸುವಷ್ಟು ಹಗುರವಾಯಿತು. ಆದರೆ ಅಪ್ಪ ಹ್ಯಾಂಡಲ್ ಕೆಳಗಿಟ್ಟಿರಲಿಲ್ಲ.

“ಮೇಡಂ, ಪ್ರಾಕ್ಟೀಸ್ ಮಾಡಿಸಿದಾಂವ ನಾನು” ಅಂದ. “ಸಣ್ಣಾಕಿ ಇದ್ದಾಗಿಂದ. ಮಂಚಕ್ಕ ಲಿವರ್ ಬಿಗಿದಿದ್ದೆ. ನನ್ನಿಂದ ಆತೇನ್ರಿ ಇದು?”

ಡಾಕ್ಟರಮ್ಮ ಅಪ್ಪನ ಕಡೆ ತಿರುಗಿದರು. “ಅಷ್ಟೇ ಅಭ್ಯಾಸ ಮಾಡಿದವರು ಸಾವಿರ ಜನ ಇದ್ದಾರೆ, ಅವರಿಗೆ ಬಂದಿಲ್ಲ. ಕೆಲವರಲ್ಲಿ ಹುಟ್ಟಿನಿಂದಲೇ ಇದರ ಒಲವು ಇರುತ್ತದೆ. ಹುಟ್ಟಿನಿಂದ ಸ್ವಲ್ಪ, ಅಭ್ಯಾಸದಿಂದ ಸ್ವಲ್ಪ. ಯಾವುದು ಎಷ್ಟು ಅಂತ ನನಗೆ ಹೇಳೋಕೆ ಬರಲ್ಲ.”

ನನಗೆ ನಗು ಬಂತು, ಕೆಟ್ಟ ನಗು. ಇಷ್ಟು ವರ್ಷ ಎಲ್ಲರೂ ಶ್ರೀನಿಧಿಗೆ ಹುಟ್ಟಿನಿಂದ ಬಂದಿದೆ, ನಿನಗೆ ಬಂದಿಲ್ಲ ಅನ್ನುತ್ತಿದ್ದರು. ಬಂದಿತ್ತು. ನನಗೂ ಒಂದು ಬಂದಿತ್ತು, ಇದು. ಥೂ, ಎಂಥ ಕೊಡುಗೆ ಅನ್ನಿಸಿತು. ಅಪ್ಪ ನಗಲಿಲ್ಲ. ‘ಹುಟ್ಟಿನಿಂದ’ ಎಂಬ ಮಾತಿಗೆ ಅವನು ಉರಿದೇಳದೆ ಕೂತದ್ದನ್ನು ನಾನು ಮೊದಲ ಸಲ ನೋಡಿದೆ. ರೈಲಿನಲ್ಲಿ ವಾಪಸು ಬರುವಾಗ ಗೋಣಿಚೀಲವನ್ನು ಸೀಟಿನ ಕೆಳಗೆ ತಳ್ಳಿ, ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದ. ಮನೆಗೆ ಬಂದು ಸ್ಪ್ಯಾನರ್ ತೆಗೆದುಕೊಂಡು ಮಂಚದ ಕಾಲಿನ ಲಿವರ್ ಬಿಚ್ಚಿದ. ತುಕ್ಕು ಹಿಡಿದ ಬೋಲ್ಟು ಸುಲಭಕ್ಕೆ ಬರಲಿಲ್ಲ. ಬಂದ ಮೇಲೆ ಅದನ್ನು ಚರಂಡಿಗೆ ಎಸೆದು ಕೈ ತೊಳೆದುಕೊಂಡ. ಸೋಪು ಹಚ್ಚಿ ಹಚ್ಚಿ ತೊಳೆದ. ಅಂದಿನಿಂದ ನನ್ನ ಜೊತೆ ಬಯಲಿಗೆ ಬರುವುದನ್ನೇ ಬಿಟ್ಟ. ನಾನು ಬೈಕ್ ಹೊರತೆಗೆದರೆ ಅಂಗಿ ಹಾಕಿಕೊಂಡು ಎತ್ತಲೋ ಹೋಗುತ್ತಿದ್ದ. ನನಗೆ ನನ್ನ ಕೈ ಹೇಗಿತ್ತೋ ಅವನಿಗೆ ಆ ಕಲಿಸಿದ ವರ್ಷಗಳೆಲ್ಲ ಹಾಗಾಗಿದ್ದವು.

ಚಿಕಿತ್ಸೆಯೆಂದರೆ ಮೊಣಕೈ ಕೆಳಗಿನ ಸ್ನಾಯುಗಳಿಗೆ ಇಂಜೆಕ್ಷನ್. ಬಿಗಿಯುವ ಬೆರಳನ್ನು ಅದು ಸಡಿಲ ಮಾಡುತ್ತದೆ. ಕೆಲವು ತಿಂಗಳಾದ ಮೇಲೆ ಗುಣ ಇಳಿಯುತ್ತದೆ, ಮತ್ತೆ ಚುಚ್ಚಿಸಬೇಕು. ಮೊದಲ ಸಲ ಸಡಿಲವಾದದ್ದು ಹೆಚ್ಚಾಗಿ, ಚಹಾ ಲೋಟ ಕೈಯಿಂದ ಜಾರಿ ಬಿತ್ತು. ಬಟ್ಟೆ ಹಿಂಡಲು ಆಗಲಿಲ್ಲ. ಒದ್ದೆ ಅರಿವೆಯಂತೆ ಜೋತುಬಿದ್ದ ಬೆರಳುಗಳನ್ನು ನೋಡಿ, ಇದಕ್ಕಿಂತ ಕೊಕ್ಕೆಯೇ ವಾಸಿಯಿತ್ತು ಅಂದುಕೊಂಡೆ. ಅವ್ವ ಏನೂ ಕೇಳದೆ ನನ್ನ ಸೀರೆ, ಚೂಡಿದಾರ್, ಒಳಬಟ್ಟೆ ಎಲ್ಲವನ್ನೂ ತಾನೇ ಹಿಂಡಿ ಹಾಕುತ್ತಿದ್ದಳು.

ಜೊತೆಗೆ ಬೇರೆ ಬೆರಳುಗಳಿಗೆ ಹೊಸದಾಗಿ ಬ್ರೇಕ್ ಕಲಿಸಬೇಕಿತ್ತು. ಉಂಗುರಬೆರಳು ಮತ್ತು ಕಿರುಬೆರಳಿನಿಂದ ಹಿಡಿಯುವುದು, ಉಳಿದ ಮೂರು ಬೆರಳಿಗೆ ಎಕ್ಸಿಲರೇಟರ್ ಮಾತ್ರ. ಡಾಕ್ಟರಮ್ಮ ಹಾಕಿದ ಷರತ್ತೇ ನನ್ನ ಪ್ರಾಣ ಹಿಂಡಿತು. ಸ್ವಲ್ಪ ಹೊತ್ತು ಮಾತ್ರ ಮಾಡಬೇಕು. ಬೆರಳು ಕೆಡುವ ಸೂಚನೆ ಕಂಡ ತಕ್ಷಣ ನಿಲ್ಲಿಸಬೇಕು. ಬರದಿದ್ದರೆ ಇನ್ನಷ್ಟು ಮಾಡು ಎಂದು ಬೆಳೆದವಳಿಗೆ, ಬರದಿದ್ದರೆ ಎದ್ದು ಮನೆಗೆ ಹೋಗು ಎಂದರೆ ಹೇಗಿರಬೇಕು? ಯರಮರಸ್ ಕಡೆಯ ಬಯಲಿನಲ್ಲಿ ಹತ್ತು ಮಾರು ಹೋಗಿ ಬ್ರೇಕ್ ಹಿಡಿದು ಎಗರಿ ನಿಲ್ಲುತ್ತಿದ್ದೆ, ಸ್ಕೂಟಿ ಕಲಿಯುವವರ ಹಾಗೆ. ದಾರಿಯಲ್ಲಿ ಹೋಗುವ ಹಾಲಿನವನು ಒಮ್ಮೆ ನಿಂತು, “ಕ್ಲಚ್ ಮೆಲ್ಲಗ ಬಿಡಬೇಕವ್ವಾ” ಎಂದು ಹೇಳಿಕೊಟ್ಟ. ನಾನು ಹೂಂ ಅಂದೆ.

ಆ ದಿನಗಳಲ್ಲೇ ಶ್ರೀನಿಧಿ ಬಂದಳು. ಮಾನ್ವಿಯಿಂದ ಒಬ್ಬಳೇ ಬೈಕಿನಲ್ಲಿ ಬಂದು, ಅವ್ವ ಕೊಟ್ಟ ಚಹಾ ಕುಡಿದು, ನನ್ನ ಜೊತೆ ಬಯಲಿಗೂ ಬಂದಳು. ನಾನು ಬಹಳ ದಿನದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದೆ.

“ಬ್ರೇಕ್ ಬಿಡೋ ಮುಂದ ನೀ ಏನ್ ಮಾಡ್ತಿ? ಬೆರಳಿಗೆ ಹೆಂಗ ತಿಳೀತದ?”

ಅವಳು ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. “ಗೊತ್ತಿಲ್ಲಕ್ಕಾ. ಖರೇನ ಗೊತ್ತಿಲ್ಲ. ವಿಚಾರ ಮಾಡ್ಲಿಕ್ಕೆ ಹೋದ್ರ ತಪ್ತದ.” ಆಮೇಲೆ ಮೆಲ್ಲಗೆ, “ನಾ ರೇಸ್ ಬಿಟ್ಟೆ ಅಕ್ಕಾ” ಅಂದಳು.

“ಯಾಕ? ಬಿದ್ದಿಯೇನು?”

“ಇಲ್ಲ. ಬ್ಯಾಸರಾತು. ಗೆದ್ರ ದೇವರು ಕೊಟ್ಟಾನ ಅಂತಾರ, ಸೋತ್ರ ಮಾತ್ರ ನಾ ಸೋತಂಗ. ನಾ ಮಾಡಿದ್ದು ಅಂತ ಅದ್ರಾಗ ಏನದ ಹೇಳು? ಬಿ.ಎಡ್. ಮಾಡ್ಲಿಕ್ಹತ್ತೀನಿ ಈಗ. ಅದಾದ್ರೂ ಕೂತು ಓದಿ ಪಾಸಾಗ್ಬೇಕು.”

ಅವಳ ಮಾತು ನನಗೆ ಅರ್ಥವಾಯಿತು. ಆ ಏಲಕ್ಕಿ ಬಾಯಿ ಅವಳನ್ನೂ ಬಿಟ್ಟಿರಲಿಲ್ಲ. ಆದರೂ ಎಲೆ ತುಂಬ ಬಡಿಸಿಕೊಂಡು ಒಂದು ತುತ್ತು ತಿಂದು ಎದ್ದುಹೋಗುವವರನ್ನು ಹಸಿದು ಹೊರಗೆ ನಿಂತವರು ಹೇಗೆ ನೋಡುತ್ತಾರೋ ಹಾಗೆ ಅವಳನ್ನು ನೋಡಿದೆ. ಅವಳು ಹೋಗುವ ಮುನ್ನ ನನ್ನ ಬೈಕ್ ತ್ರಾಸಿಲ್ಲದೆ ಒಂದು ಸುತ್ತು ಓಡಿಸಿ, ಇಟ್ಟಿಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಬಿಟ್ಟು ನಿಲ್ಲಿಸಿದಳು. ನೋಡಲು ಎಷ್ಟು ಚೆಂದವಿತ್ತೆಂದರೆ ನಾನು ನೆಲಕ್ಕೆ ಉಗುಳಿದೆ.

ಎರಡು ಮಳೆಗಾಲ ಕಳೆದವು. ಎಷ್ಟು ಸಲ ಹೈದರಾಬಾದಿಗೆ ಹೋಗಿಬಂದೆನೋ ಅಷ್ಟು ಸಲ ಆ ಹೊರಕೋಣೆಯಲ್ಲಿ ಹೊಸ ಮುಖ, ಹೊಸ ಸಾಮಾನು. ಖಾಜಾಸಾಬ್ ಈಗ ಎಡಗೈಯಲ್ಲಿ ಕತ್ತರಿಸುತ್ತಾರೆ, ಲಂಗ ಮಾತ್ರ ಹೊಲಿಯುತ್ತಾರೆ, ಅಂಗಿಯ ಕೊರಳು ಇನ್ನೂ ಸೊಟ್ಟ ಬರುತ್ತದೆಯಂತೆ. ನನ್ನ ಎರಡು ಸಣ್ಣ ಬೆರಳುಗಳು ನಿಧಾನಕ್ಕೆ ಕಲಿತವು. ಹೈದರಾಬಾದಿನ ಒಂದು ಪುಟ್ಟ ತಂಡ ನನಗೆ ಬೈಕ್ ಕೊಡಲು ಒಪ್ಪಿತು. ಸಂಬಳ ಹೇಳಿಕೊಳ್ಳುವಂಥದ್ದಲ್ಲ, ಸಾಮಾನು ಹೊರುವುದೂ ನಾವೇ.

ಚೆನ್ನೈಯ ಅದೇ ಟ್ರ್ಯಾಕಿನಲ್ಲಿ ಮತ್ತೆ ಓಡಿಸಿದೆ. ಮನೆಯಲ್ಲಿ ಹೇಳಿ ಬಂದಿದ್ದೆ, ಅಪ್ಪ ಪೇಪರ್ ಓದುತ್ತ ತಲೆಯೆತ್ತಿರಲಿಲ್ಲ. ರೇಸ್ ಹೇಗಿತ್ತೆಂದು ಬಣ್ಣಿಸುವಂಥದ್ದೇನಿಲ್ಲ. ಪ್ರತಿ ತಿರುವಿಗೂ ಉಳಿದವರಿಗಿಂತ ಮೊದಲೇ ಬ್ರೇಕ್ ಹಿಡಿದೆ, ಹೆಚ್ಚಿನವರು ದಾಟಿಕೊಂಡು ಹೋದರು. ಎರಡು ಸಲ ತೋರುಬೆರಳು ಲಿವರ್ ಕಡೆ ತಾನಾಗಿ ಹರಿಯತೊಡಗಿತು, ಹಾವು ನೋಡಿದಂತೆ ಅದನ್ನು ನೋಡಿ ವೇಗ ತಗ್ಗಿಸಿದೆ. ಬೀಳಲಿಲ್ಲ. ಕೊನೆಯಿಂದ ಮೂರನೆಯವಳಾಗಿ ಮುಗಿಸಿದೆ.

ಹೆಲ್ಮೆಟ್ ತೆಗೆಯುತ್ತಿದ್ದಂತೆ ಹಳೆಯ ಮ್ಯಾನೇಜರ್ ಎರಡೂ ಕೈ ಚಾಚಿಕೊಂಡು ಬಂದರು. ಹಿಂದೆ ಕ್ಯಾಮೆರಾ ಹಿಡಿದ ಒಬ್ಬನಿದ್ದ.

“ಗೌತಮಿ! ಏನು ಛಲಾ ರೀ ನಿಮ್ದು! ಒಂದು ವಿಡಿಯೊ ಮಾಡೋಣ. ಎಲ್ಲರಿಗೂ ಸ್ಫೂರ್ತಿ ಆಗುತ್ತೆ. ಏನಿಲ್ಲ, ಗ್ಲೌಸ್ ತೆಗೆದು ಆ ಕೈ ಒಂದ್ಸಲ ತೋರಿಸಿಬಿಡಿ. ಬೆರಳು ಸೊಟ್ಟ ಆಗುತ್ತಲ್ಲ, ಹಾಗೆ ಮಾಡಿ ತೋರಿಸಿ. ಜನಕ್ಕೆ ಕಣ್ಣೀರು ಬರಬೇಕು.”

ಏಲಕ್ಕಿ. ಕೈಯನ್ನು ಬೆನ್ನ ಹಿಂದೆ ಒಯ್ದೆ. ಆಗ ಹಿಂದಿನಿಂದ ಗೊತ್ತಿರುವ ದನಿಯೊಂದು ಕೇಳಿತು.

“ಆಕಿ ಕೈ ತೋರ್ಸಾಕ ಬಂದಿಲ್ರಿ ಇಲ್ಲಿಗಿ.”

ಅಪ್ಪ. ಡಿಪೋದ ಖಾಕಿ ಪ್ಯಾಂಟಿನ ಮೇಲೆ ಬಿಳಿ ಅಂಗಿ, ಕಂಕುಳಲ್ಲಿ ಚೀಲ. ಯಾರಿಗೂ ಹೇಳದೆ ರೈಲು ಹತ್ತಿ ಬಂದು ಎಲ್ಲೋ ಜನರ ನಡುವೆ ನಿಂತಿದ್ದ.

“ಸರ್, ನಾವು ಒಳ್ಳೇದಕ್ಕೇ...”

“ಒಳ್ಳೇದಕ್ಕ ಆದ್ರ ಹಿಂಗ್ ಬರಕೊಳ್ರಿ. ಗೌತಮಿ, ದೇವದುರ್ಗ. ಕೊನಿಯಿಂದ ಮೂರನೇ ನಂಬರ್ ಬಂದಾಳ. ಅಷ್ಟ ಬರೀರಿ. ದೇವರು ಕೊಟ್ಟಾನ ಅಂತನೂ ಬ್ಯಾಡ, ಪಾಪ ಅಂತನೂ ಬ್ಯಾಡ. ನಂಬರ್ ಬರೀರಿ.”

ಮ್ಯಾನೇಜರ್ ನಗಲು ನೋಡಿದರು, ಆಗಲಿಲ್ಲ. ಕ್ಯಾಮೆರಾದವನು ಅದನ್ನು ಕೆಳಗಿಳಿಸಿದ. ಅವರು ಹೋದ ಮೇಲೆ ಅಪ್ಪ ನನ್ನ ಮುಖ ನೋಡಲಿಲ್ಲ, ಬೈಕ್ ನೋಡಿದ.

“ಯಪ್ಪಾ, ಯಾವಾಗ ಬಂದಿ?”

“ಮುಂಜಾನಿ. ಲಿವರ್ ಸಣ್ಣದು ಹಾಕ್ಯಾರ. ಕಿರುಬೆರಳಿಗೆ ನಿಲುಕವಲ್ದು ನಿನಗ. ಉದ್ದಂದು ಹಾಕಬೇಕು.”

ನಮ್ಮ ಹುಡುಗರು ಊಟಕ್ಕೆ ಹೋಗಿದ್ದರು. ಬೈಕನ್ನು ವ್ಯಾನಿಗೆ ಏರಿಸಬೇಕಿತ್ತು. ಹಲಗೆ ಇಳಿಜಾರಾಗಿ ಒರಗಿಸಿ ಅಪ್ಪ ಹಿಂದೆ ನಿಂತು ಹೆಗಲು ಕೊಟ್ಟ, ನಾನು ಹ್ಯಾಂಡಲ್ ಹಿಡಿದು ಪಕ್ಕದಲ್ಲಿ ಹತ್ತಿದೆ. ಅವನು ಒಂದು ಗೇಣು ತಳ್ಳಿ ಉಸಿರು ತೆಗೆದುಕೊಳ್ಳುವಾಗ ಬೈಕ್ ಹಿಂದಕ್ಕೆ ಉರುಳದಂತೆ ನಾನು ಬ್ರೇಕ್ ಹಿಡಿಯಬೇಕು. ಮತ್ತೆ ತಳ್ಳುವಾಗ ಬಿಡಬೇಕು. ಬಿಡದಿದ್ದರೆ ಅವನ ಬಲವೆಲ್ಲ ವ್ಯರ್ಥ. ಗ್ಲೌಸ್ ತೆಗೆದಿದ್ದೆ, ಬೆವರಿನಿಂದ ಕೈ ನಾರುತ್ತಿತ್ತು.

“ಹಿಡಿ” ಅಂದ ಅಪ್ಪ. ಎರಡು ಸಣ್ಣ ಬೆರಳು ಹಿಡಿದವು.

“ಬಿಡು.” ಬಿಟ್ಟವು.

“ಹಿಡಿ.” ಹಿಡಿದವು. ಕೆಳಗೆ ಅವನ ಏದುಸಿರು ಕೇಳುತ್ತಿತ್ತು. ಅವನು ಹೇಳುವುದನ್ನೇ ಕಾಯುತ್ತ ನಿಂತೆ.

“ಬಿಡವ್ವಾ.”

ಬಿಟ್ಟೆ. ಬೈಕ್ ಒಳಗೆ ಹೋಯಿತು.